ಎಕ್ಸೆಲ್ ಲೆಕ್ಕಪತ್ರದಲ್ಲಿ ಒಂದು ಹಾಳೆಯ ಮೊತ್ತವನ್ನು ಮತ್ತೊಂದು ಹಾಳೆಗೆ ಜೋಡಿಸುವ ವಿಧಾನ

ಸಹಾಯಧನ ಅಥವಾ ಸಾಲ ಕೋರಿ ಅರ್ಜಿ ಸಲ್ಲಿಸುವ ಸಂಘ-ಸಂಸ್ಥೆಗಳು ಹಾಗೂ ಕಿರು ಉದ್ದಿಮೆದಾರರು ಜಮಾ-ಖರ್ಚಿನ ವಿವರಗಳನ್ನು ಅನೇಕ ವೇಳೆ ಎಕ್ಸೆಲ್ ಕಡತದಲ್ಲಿ ಸಿದ್ಧಪಡಿಸುತ್ತಾರೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೊಂದು ಹಾಳೆ, ಕೊನೆಯಲ್ಲಿ ವಾರ್ಷಿಕ ಗೋಷ್ವಾರೆ ಎಂಬುದು ರೂಢಿಯಲ್ಲಿರುವ ಕ್ರಮ. ಮಾಸಿಕ ಮೊತ್ತಗಳನ್ನು ನೋಡಿಕೊಂಡು ಗೋಷ್ವಾರೆಯಲ್ಲಿ ಟೈಪ್ ಮಾಡಿದಲ್ಲಿ, ಮುಂದೆ ಯಾವುದೇ ತಿಂಗಳ ಲೆಕ್ಕವನ್ನು ತಿದ್ದಿದರೂ ಗೋಷ್ವಾರೆಯಲ್ಲಿ ಹಳೆಯ ಅಂಕಿಯೇ ಉಳಿಯುತ್ತದೆ. ಕೋಶಗಳನ್ನು ಸೂತ್ರದ ಮೂಲಕ ಜೋಡಿಸಿದಲ್ಲಿ ಈ ವ್ಯತ್ಯಾಸಕ್ಕೆ ಆಸ್ಪದವಿರುವುದಿಲ್ಲ.

ಜೋಡಿಸುವ ವಿಧಾನ

ಗೋಷ್ವಾರೆಯಲ್ಲಿ ಮೊತ್ತ ಬರಬೇಕಾದ ಕೋಶವನ್ನು ಆಯ್ದು ಸಮ ಚಿಹ್ನೆಯನ್ನು (=) ಟೈಪ್ ಮಾಡತಕ್ಕದ್ದು. ನಂತರ ಪರದೆಯ ಕೆಳಭಾಗದಲ್ಲಿ ಕಾಣುವ ಏಪ್ರಿಲ್ ಹಾಳೆಯ ಹೆಸರಿನ ಮೇಲೆ ಕ್ಲಿಕ್ ಮಾಡಿ, ಅಲ್ಲಿ ಒಟ್ಟು ಮೊತ್ತವಿರುವ ಕೋಶವನ್ನು ಆಯ್ದು ಎಂಟರ್ ಕೀಲಿಯನ್ನು ಒತ್ತುವುದು. ='ಏಪ್ರಿಲ್'!ಬಿ32 ಎಂಬ ಮಾದರಿಯ ಸೂತ್ರವು ತಾನಾಗಿಯೇ ಮೂಡುತ್ತದೆ. ಸೂತ್ರವನ್ನು ತಾವೇ ಟೈಪ್ ಮಾಡುವವರು ಕಾಲಂ ಸೂಚಿಸುವ ಅಕ್ಷರವನ್ನು ಇಂಗ್ಲಿಷಿನಲ್ಲಿಯೇ ನಮೂದಿಸತಕ್ಕದ್ದು. ಹಾಳೆಯ ಹೆಸರಿನಲ್ಲಿ ಖಾಲಿ ಜಾಗವಿದ್ದಲ್ಲಿ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಡುವುದು ಕಡ್ಡಾಯ. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಸಾಮಾನ್ಯವಾಗಿ ಉದ್ಗಾರ ಚಿಹ್ನೆಯ ಬದಲಿಗೆ ಚುಕ್ಕೆ ಇರುತ್ತದೆ.

ಹಾಳೆಯ ಹೆಸರನ್ನು ಬದಲಿಸಿದರೆ ಸೂತ್ರವೂ ಅದರಂತೆ ಬದಲಾಗುತ್ತದೆ. ಆದರೆ ಹಾಳೆಯನ್ನೇ ಅಳಿಸಿದಲ್ಲಿ ಮೊತ್ತದ ಸ್ಥಾನದಲ್ಲಿ #ರೆಫ್! ಎಂಬ ದೋಷಸೂಚನೆ ಕಾಣಿಸುತ್ತದೆ. ಮೂಲ ಕೋಶ ಖಾಲಿಯಿದ್ದರೆ ಗೋಷ್ವಾರೆಯಲ್ಲಿ ಸೊನ್ನೆ ಬರುತ್ತದೆ. ದಿನಾಂಕದ ಕೋಶವಾದಲ್ಲಿ ಅದೇ ಸೊನ್ನೆಯು 1900ರ ಜನವರಿಯ ಸೊನ್ನೆಯ ತಾರೀಖಾಗಿ ತೋರುವುದುಂಟು. ಇದನ್ನು ಗಮನಿಸದೆ ಮುದ್ರಿಸಿದ ಪ್ರತಿಯು ಪರಿಶೀಲನೆಯಲ್ಲಿ ಅನಗತ್ಯ ಪ್ರಶ್ನೆಗೆ ಎಡೆಮಾಡುತ್ತದೆ.

ಬೇರೆ ಕಡತಕ್ಕೆ ಜೋಡಿಸಿದಾಗ ವಹಿಸಬೇಕಾದ ಎಚ್ಚರ

ಕೆಲವರು ಪ್ರತಿ ತಿಂಗಳಿಗೂ ಪ್ರತ್ಯೇಕ ಕಡತವನ್ನಿಟ್ಟು, ಅವುಗಳಿಂದ ಗೋಷ್ವಾರೆಯ ಕಡತಕ್ಕೆ ಮೊತ್ತವನ್ನು ತರುತ್ತಾರೆ. ಈ ಕ್ರಮದಲ್ಲಿ ಅಪಾಯ ಹೆಚ್ಚು. ಗೋಷ್ವಾರೆಯ ಕಡತ ಮುಚ್ಚಿರುವಾಗ ಮಾಸಿಕ ಕಡತದಲ್ಲಿ ಒಂದು ಸಾಲನ್ನು ಸೇರಿಸಿದರೆ ಒಟ್ಟು ಮೊತ್ತವು 32ನೇ ಸಾಲಿನಿಂದ 33ಕ್ಕೆ ಸರಿಯುತ್ತದೆ. ಸೂತ್ರವು ಮಾತ್ರ 32ನೇ ಸಾಲನ್ನೇ ಓದುತ್ತಿರುತ್ತದೆ. ಯಾವುದೇ ದೋಷಸೂಚನೆ ಬರುವುದಿಲ್ಲ. ಒಟ್ಟು ಮೊತ್ತವಿರಬೇಕಾದಲ್ಲಿ ಕೊನೆಯ ಖರ್ಚಿನ ಬಾಬ್ತು ಮಾತ್ರ ಕುಳಿತಿರಬಹುದು. ಆದುದರಿಂದ ಹನ್ನೆರಡು ಹಾಳೆಗಳನ್ನೂ ಒಂದೇ ಕಡತದಲ್ಲಿಡುವುದು ಸೂಕ್ತ.

ಇದಲ್ಲದೆ, ಗೋಷ್ವಾರೆಯ ಕಡತವನ್ನಷ್ಟೇ ಇ-ಮೇಲ್ ಮೂಲಕ ಸಲ್ಲಿಸಿದಲ್ಲಿ ಮೂಲ ಕಡತಗಳು ಅರ್ಜಿದಾರರ ಗಣಕದಲ್ಲಿಯೇ ಉಳಿಯುತ್ತವೆ. ಸ್ವೀಕರಿಸಿದವರಿಗೆ ಕೊನೆಯ ಬಾರಿ ಉಳಿಸಿದ ಅಂಕಿಗಳು ಕಾಣುತ್ತವೆಯೇ ಹೊರತು ನಂತರದ ತಿದ್ದುಪಡಿಗಳಲ್ಲ. ನವೀಕರಿಸಲು ಯತ್ನಿಸಿದರೆ ಮೂಲ ಕಡತ ದೊರೆಯುವುದಿಲ್ಲ.

ಸಲ್ಲಿಸುವ ಮುನ್ನ

ಮೂಲ ಕಡತಗಳೆಲ್ಲವನ್ನೂ ತೆರೆದು ಅಂಕಿಗಳನ್ನು ತಾಳೆ ನೋಡಿದ ನಂತರ, ಸಲ್ಲಿಸುವ ಪ್ರತಿಯಲ್ಲಿ ಮಾತ್ರ ಸೂತ್ರಗಳನ್ನು ಮೌಲ್ಯಗಳಾಗಿ ಪರಿವರ್ತಿಸತಕ್ಕದ್ದು. ಕೋಶಗಳನ್ನು ಆಯ್ದು ನಕಲು ಮಾಡಿ, ಅದೇ ಜಾಗದಲ್ಲಿ ಪೇಸ್ಟ್ ಸ್ಪೆಷಲ್ ಆಯ್ಕೆಯ ಮೂಲಕ ವ್ಯಾಲ್ಯೂಸ್ ಎಂದು ಅಂಟಿಸಿದರೆ ಸಾಕು. ಸೂತ್ರಗಳಿರುವ ಮೂಲ ಪ್ರತಿಯನ್ನು ಅರ್ಜಿದಾರರು ತಮ್ಮಲ್ಲಿಯೇ ಇಟ್ಟುಕೊಳ್ಳತಕ್ಕದ್ದು.