1.74 ಸೆಕೆಂಡು ಮತ್ತು ಪರ್ಯಾಯ ಗುರುತ್ವ ಸಿದ್ಧಾಂತಗಳು

ವಿಶ್ವದ ಹಿಗ್ಗುವಿಕೆ ವೇಗ ಪಡೆದುಕೊಳ್ಳುತ್ತಿದೆ ಎಂದು 1998ರಲ್ಲಿ ಎರಡು ಸೂಪರ್‌ನೋವಾ ತಂಡಗಳು ಕಂಡುಕೊಂಡವು. ಅಂದಿನಿಂದ ಅದರ ಕಾರಣ ಹುಡುಕುವವರು ಎರಡು ಪಂಗಡವಾಗಿದ್ದಾರೆ. ಕಪ್ಪು ಶಕ್ತಿ ಎಂಬುದೊಂದು ಇದೆ, ಅದರ ಸ್ವರೂಪ ತಿಳಿಯಬೇಕು ಎನ್ನುವವರು ಹೆಚ್ಚು. ಅಂಥದ್ದೇನೂ ಬೇಕಿಲ್ಲ, ಐನ್‌ಸ್ಟೈನರ ಗುರುತ್ವ ನಿಯಮವೇ ಕೋಟ್ಯಂತರ ಜ್ಯೋತಿರ್ವರ್ಷಗಳ ಅಳತೆಯಲ್ಲಿ ಬೇರೆಯಾಗುತ್ತದೆ ಎನ್ನುವವರು ಕಡಿಮೆ. ಈ ಎರಡನೆಯವರ ವಾದದ ಬಗ್ಗೆ 2017ರ ಆಗಸ್ಟ್ 17ರ ಘಟನೆ ಏನನ್ನು ತೀರ್ಮಾನಿಸಿತು, ಏನನ್ನು ತೀರ್ಮಾನಿಸಲಿಲ್ಲ ಎಂಬಷ್ಟಕ್ಕೆ ಈ ಟಿಪ್ಪಣಿ ಸೀಮಿತ.

ಗುರುತ್ವವನ್ನು ತಿದ್ದುವ ಸರಳ ಉಪಾಯವೆಂದರೆ ದೇಶ-ಕಾಲದ ಜೊತೆಗೆ ಇನ್ನೊಂದು ಅದಿಶ ಕ್ಷೇತ್ರವನ್ನು ಸೇರಿಸುವುದು. ಸಮೀಕರಣಗಳು ಎರಡನೇ ದರ್ಜೆಯನ್ನು ಮೀರದಂತೆ ಇದನ್ನು ಎಷ್ಟು ಬಗೆಯಲ್ಲಿ ಮಾಡಬಹುದು ಎಂಬುದನ್ನು ಗ್ರೆಗರಿ ಹಾರ್ನ್‌ಡೆಸ್ಕಿ 1974ರಲ್ಲೇ ಪೂರ್ತಿಯಾಗಿ ಬರೆದಿಟ್ಟಿದ್ದರು. ಆ ಪ್ರಬಂಧ ಮೂರು ದಶಕಗಳಿಗೂ ಹೆಚ್ಚು ಕಾಲ ಮೂಲೆಯಲ್ಲಿತ್ತು; ಅಷ್ಟರಲ್ಲಿ ಅವರು ಗಣಿತ ಬಿಟ್ಟು ಚಿತ್ರಕಲೆಗೆ ಹೊರಳಿದ್ದರು. 2009ರಲ್ಲಿ ‘ಗೆಲಿಲಿಯಾನ್’ ಎಂಬ ಕ್ಷೇತ್ರ ಕಪ್ಪು ಶಕ್ತಿಯ ಹಂಗಿಲ್ಲದೆ ಹಿಗ್ಗುವಿಕೆಗೆ ವೇಗ ಕೊಡಬಲ್ಲದೆಂಬ ಆಸೆ ಹುಟ್ಟಿದ ಮೇಲೆಯೇ ಹಾರ್ನ್‌ಡೆಸ್ಕಿಯ ಹೆಸರು ಮತ್ತೆ ಮೇಲೆ ಬಂದದ್ದು.

ಈ ಸಿದ್ಧಾಂತಗಳಲ್ಲಿ ಹಲವಕ್ಕೆ ಒಂದು ಸಮಾನ ಲಕ್ಷಣವಿದೆ. ಅದಿಶ ಕ್ಷೇತ್ರ ವಕ್ರತೆಗೆ ನೇರವಾಗಿ ಹೆಣೆದುಕೊಂಡಿರುವುದರಿಂದ ಗುರುತ್ವದ ಅಲೆಗಳ ವೇಗ ಬೆಳಕಿನ ವೇಗಕ್ಕೆ ಸಮವಾಗಿ ಉಳಿಯುವುದಿಲ್ಲ. ಹಿಗ್ಗುವಿಕೆಯ ಮೇಲೆ ಗಣನೀಯ ಪರಿಣಾಮ ಬೇಕೆಂದರೆ ಈ ವ್ಯತ್ಯಾಸವೂ ಗಣನೀಯವಾಗಿಯೇ ಇರಬೇಕು. ಹಾಗಾಗಿ ಅಲೆಯ ವೇಗವನ್ನು ಅಳೆದರೆ ಸಾಕು, ವ್ಯಾಜ್ಯ ಇತ್ಯರ್ಥವಾಗಬಹುದು ಎಂದು ಲೊಂಬ್ರೈಸರ್ ಮತ್ತು ಲಿಮಾ ಘಟನೆಗೆ ಮೊದಲೇ ಬರೆದಿದ್ದರು.

ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಾದ ಅಲೆ ಗುರುತ್ವದ ಅಲೆಗಳನ್ನು ಹಿಡಿಯುವ ಲೈಗೊ ಉಪಕರಣಗಳಿಗೆ ತಾಕಿತು. ವಿಲೀನದ ಗಳಿಗೆ ಕಳೆದು 1.74 ಸೆಕೆಂಡಿಗೆ ಫರ್ಮಿ ಉಪಗ್ರಹ ಗಾಮಾ ಕಿರಣಗಳನ್ನು ಕಂಡಿತು. ಲಿವಿಂಗ್‌ಸ್ಟನ್ ಉಪಕರಣದ ದತ್ತಾಂಶದಲ್ಲಿ ಅದೇ ವೇಳೆಗೆ ಒಂದು ದೊಡ್ಡ ಸದ್ದು ನುಸುಳಿದ್ದರಿಂದ ಮೊದಲ ಸೂಚನೆ ಹ್ಯಾನ್‌ಫೋರ್ಡ್ ಉಪಕರಣ ಒಂದರಿಂದಲೇ ಬಂತು. (ನಮ್ಮ ಉಪಗ್ರಹ ಆಸ್ಟ್ರೋಸ್ಯಾಟ್‌ಗೆ ಆ ಹೊತ್ತು ಭೂಮಿಯೇ ಅಡ್ಡ ಬಂದಿತ್ತು, ಅದಕ್ಕೆ ಏನೂ ಕಾಣದಿದ್ದುದು ಕೂಡ ಹುಡುಕಬೇಕಾದ ಆಕಾಶವನ್ನು ಕಿರಿದುಗೊಳಿಸಲು ಒದಗಿತು.) ಹನ್ನೊಂದು ಗಂಟೆಗಳೊಳಗೆ ಚಿಲಿಯ ಸ್ವೋಪ್ ದೂರದರ್ಶಕ ಎನ್‌ಜಿಸಿ 4993 ಗ್ಯಾಲಕ್ಸಿಯಲ್ಲಿ ಹೊಸ ಬೆಳಕನ್ನು ಹಿಡಿಯಿತು. ದೂರ ಸುಮಾರು 13 ಕೋಟಿ ಜ್ಯೋತಿರ್ವರ್ಷ.

ಇಲ್ಲಿನ ಲೆಕ್ಕವನ್ನು ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಅದರ ಎಚ್ಚರವೇ ಅದರ ಬಲ. ಅಳತೆಯ ಅನಿಶ್ಚಿತಿಯನ್ನು ಗಮನಿಸಿ ಲೈಗೊ ಮತ್ತು ಫರ್ಮಿ ವಿಜ್ಞಾನಿಗಳ ತಂಡ ದೂರವನ್ನು ಬೇಕೆಂದೇ ಕಡಿಮೆ, ಅಂದರೆ ಸುಮಾರು 8.5 ಕೋಟಿ ಜ್ಯೋತಿರ್ವರ್ಷ ಎಂದು ಹಿಡಿಯಿತು. ಅಷ್ಟು ದೂರದ ಪಯಣ ಸೆಕೆಂಡುಗಳಲ್ಲಿ 2.7 × 10¹⁵. ಅಲೆ ಮತ್ತು ಬೆಳಕು ಒಟ್ಟಿಗೇ ಹೊರಟಿದ್ದರೆ 1.74ನ್ನು ಇದರಿಂದ ಭಾಗಿಸಿದಾಗ ಬರುವ, ಮೇಲಕ್ಕೆ ದುಂಡಾಗಿಸಿದ 7 × 10⁻¹⁶ ಅಲೆಯ ವೇಗ ಬೆಳಕಿನದಕ್ಕಿಂತ ಹೆಚ್ಚಿರಬಹುದಾದ ಗರಿಷ್ಠ ಪಾಲು. ಬೆಳಕು 10 ಸೆಕೆಂಡು ತಡವಾಗಿ ಹೊರಟಿದ್ದರೆ ಅಲೆ ಆ ಮುನ್ನಡೆಯನ್ನು ದಾರಿಯಲ್ಲಿ ಬಹುಪಾಲು ಕಳೆದುಕೊಂಡಿರಬೇಕು. ಆಗ ಅದು 3 × 10⁻¹⁵ರಷ್ಟು ನಿಧಾನ. ಹೊರಟ ಸಮಯ ಯಾರಿಗೂ ತಿಳಿಯದು, ಹತ್ತು ಸೆಕೆಂಡು ಎಂಬುದೊಂದು ಊಹೆ. ಆದರೆ ಅದನ್ನು ನೂರು ಪಟ್ಟು ಹಿಗ್ಗಿಸಿದರೂ ಗೆಲಿಲಿಯಾನ್ ಪಕ್ಷಕ್ಕೆ ಉಸಿರಾಡಲು ಜಾಗ ಸಿಗುವುದಿಲ್ಲ.

ಹಾರ್ನ್‌ಡೆಸ್ಕಿ ಕುಟುಂಬದ ಚತುರ್ಥ ಮತ್ತು ಪಂಚಮ ಗೆಲಿಲಿಯಾನ್‌ಗಳು ಕಪ್ಪು ಶಕ್ತಿಯ ಸ್ಥಾನಕ್ಕೆ ಅನರ್ಹ ಎಂದು, ಘಟನೆಯ ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ, ನಾಲ್ಕು ಗುಂಪುಗಳು ಬೇರೆ ಬೇರೆಯಾಗಿ ಬರೆದವು. ಕಪ್ಪು ದ್ರವ್ಯವನ್ನು ನಿರಾಕರಿಸಲು ಬೆಕೆನ್‌ಸ್ಟೈನ್ 2004ರಲ್ಲಿ ಕಟ್ಟಿದ ಟೆವೆಸ್ ಸಿದ್ಧಾಂತವೂ ಇದರಲ್ಲೇ ಸಿಕ್ಕಿಬಿತ್ತು. ಅಂಥ ಸಿದ್ಧಾಂತಗಳಲ್ಲಿ ಬೆಳಕು ಒಂದು ಜ್ಯಾಮಿತಿಯನ್ನೂ ಅಲೆ ಇನ್ನೊಂದನ್ನೂ ಅನುಸರಿಸುತ್ತವೆ. ಐಐಟಿ ಹೈದರಾಬಾದಿನ ಶಂತನು ದೇಸಾಯಿ ಅವರೂ ಇದ್ದ ತಂಡದ ಅಂದಾಜಿನಂತೆ ಹಾದಿಯ ಕಪ್ಪು ದ್ರವ್ಯದಿಂದಾಗುವ ವಿಳಂಬ ಸುಮಾರು 400 ದಿನ. ಅದು ಬೆಳಕಿಗೆ ತಟ್ಟಿ ಅಲೆಗೆ ತಟ್ಟದಿದ್ದರೆ ಎರಡರ ನಡುವೆ ವರ್ಷಕ್ಕೂ ಹೆಚ್ಚು ಅಂತರ ಬೀಳಬೇಕಿತ್ತು. ಆದರೂ ಮಿಲ್‌ಗ್ರಾಮ್‌ರ 1983ರ ಮೂಲ ವಿಚಾರ, ಅಂದರೆ ಟೆವೆಸ್‌ಗೆ ಬುನಾದಿಯಾದ ಕಪ್ಪು ದ್ರವ್ಯವಿಲ್ಲದ ಗುರುತ್ವ, ಸಾಯಲಿಲ್ಲ. 2021ರಲ್ಲಿ ಸ್ಕಾರ್ಡಿಸ್ ಮತ್ತು ಜ್ಲೊಸ್ನಿಕ್ ಅಲೆಯ ವೇಗ ಬೆಳಕಿನದಕ್ಕೆ ಸಮವಾಗಿರುವಂತೆ ಅದರ ಹೊಸ ರೂಪ ಕೊಟ್ಟರು. ಗೊತ್ತಾದ ಉತ್ತರಕ್ಕೆ ತಕ್ಕಂತೆ ಹೊಲಿದ ಅಂಗಿಯೇ ಇದು ಎನ್ನಬಹುದು, ಆದರೂ ಹೊಲಿಗೆ ನಾಜೂಕಾಗಿದೆ.

ಗೆಲಿಲಿಯಾನ್‌ಗಳ ಕುರಿತ ಈ ತೀರ್ಪಿಗೊಂದು ಗಂಭೀರ ತಕರಾರೂ ಇದೆ. ಕ್ಲೌಡಿಯಾ ಡಿ ರಾಮ್ ಮತ್ತು ಸ್ಕಾಟ್ ಮೆಲ್ವಿಲ್ 2018ರಲ್ಲಿ ತೋರಿಸಿದಂತೆ, ಲೈಗೊ ಕೇಳುವ ಹತ್ತಾರು-ನೂರಾರು ಹರ್ಟ್ಜ್ ಕಂಪನಾಂಕಗಳು ಈ ಸಿದ್ಧಾಂತಗಳ ಮಾತು ನಡೆಯುವ ಗಡಿಯ ಆಸುಪಾಸಿನಲ್ಲೇ ಇವೆ. ಗಡಿ ದಾಟಿದಲ್ಲಿ ಅಲೆ ಬೆಳಕಿನ ವೇಗಕ್ಕೆ ಮರಳಬಹುದು, ವಿಶ್ವದ ಅಳತೆಯಲ್ಲಿ ಮಾತ್ರ ಬೇರೆಯಾಗಿರಬಹುದು. ಮಿಲಿಹರ್ಟ್ಜ್ ಅಲೆಗಳನ್ನು ಹಿಡಿಯಲಿರುವ ಲೀಸಾ ಬಾಹ್ಯಾಕಾಶ ಯೋಜನೆಗೆ 2024ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿದೆ. ಈ ಕಿಂಡಿ ಮುಚ್ಚುವುದೋ ತೆರೆದೇ ಇರುವುದೋ ಅದರಿಂದ ತಿಳಿಯಬೇಕು. ಅಲ್ಲಿಯವರೆಗೆ ‘ಸತ್ತ’ ಎಂಬ ಪದವನ್ನು ಬಳಸದಿರುವುದೇ ಲೇಸು.

ಇನ್ನು ಜೇಕಬ್‌ಸನ್ 1995ರಲ್ಲಿ ಸೂಚಿಸಿ, ಪುಣೆಯ ತಾಣು ಪದ್ಮನಾಭನ್ ಮತ್ತು ನೆದರ್‌ಲೆಂಡ್ಸಿನ ವರ್ಲಿಂಡೆ ಬೇರೆ ಬೇರೆ ದಿಕ್ಕಿನಲ್ಲಿ ಬೆಳೆಸಿದ ವಾದ: ಗುರುತ್ವ ಮೂಲಬಲವೇ ಅಲ್ಲ, ಉಷ್ಣಗತಿಯಿಂದ ಹೊಮ್ಮುವ ಗುಣ. ಇದರ ಮೈಮೇಲೆ 1.74 ಸೆಕೆಂಡಿನ ಗೀರೂ ಇಲ್ಲ. ಆದರೆ ಅಲೆಯ ವೇಗದ ವಿಷಯದಲ್ಲಿ ಐನ್‌ಸ್ಟೈನರಿಗಿಂತ ಬೇರೆ ಸಂಖ್ಯೆಯನ್ನು ಅದು ಮುಂದಿಟ್ಟಿರಲಿಲ್ಲ ಎಂಬುದನ್ನು ಮರೆತು ಇದನ್ನು ಗೆಲುವೆಂದು ಎಣಿಸಬಾರದು.

ವೇಗದ ಪರೀಕ್ಷೆಯಲ್ಲಿ ಪಾರಾದ ‘ಘನ’ (ಮೂರನೇ ಘಾತದ) ಗೆಲಿಲಿಯಾನ್‌ನದು ಬೇರೆಯೇ ಕಥೆ. ಅದರಲ್ಲಿ ಅಲೆಯ ವೇಗ ಬೆಳಕಿನದೇ. ಆದರೆ ಕಪ್ಪು ಶಕ್ತಿಯ ಲೆಕ್ಕದಂತೆ, ಗ್ಯಾಲಕ್ಸಿಗಳು ದಟ್ಟವಾಗಿರುವ ಕಡೆ ಹಾದುಬರುವ ವಿಶ್ವದ ಹಿನ್ನೆಲೆ ವಿಕಿರಣ, ವೇಗ ಪಡೆದ ಹಿಗ್ಗುವಿಕೆಯಿಂದ ಗುರುತ್ವದ ಕುಳಿ ಆಳ ಕಳೆದುಕೊಳ್ಳುವ ಕಾರಣ, ತುಸು ಬೆಚ್ಚಗಾಗಿ ಕಾಣಬೇಕು, ಕಾಣುವುದೂ ಹಾಗೆಯೇ. ಘನ ಗೆಲಿಲಿಯಾನ್‌ನಲ್ಲಿ ಕುಳಿ ಆಳವಾಗುತ್ತದೆ, ಚಿಹ್ನೆ ತಿರುಗುಮುರುಗಾಗುತ್ತದೆ. ರೆಂಕ್ ಮತ್ತು ಸಂಗಡಿಗರು ಇದನ್ನು ಬರೆದದ್ದು 2017ರ ಜುಲೈಯಲ್ಲಿ, ಆ ಅಲೆ ಭೂಮಿಗೆ ತಲುಪುವ ತಿಂಗಳ ಹಿಂದೆ.