ಕವಡೆಯ ನಾಡು ಮತ್ತು ನಾವು

ರಜಾ ದಿನಗಳಲ್ಲಿ ಮಕ್ಕಳು ಚೌಕಾಬಾರಕ್ಕೆ ಕುಳಿತರೆ ನಮ್ಮ ಮನೆಗಳಲ್ಲಿ ಕವಡೆಯ ಗಂಟು ಹೊರಬರುತ್ತದೆ. ಊರು ಬಿಡುವಾಗ ಟ್ರಂಕಿನ ಮೂಲೆಯಲ್ಲಿ ಸೇರಿಕೊಂಡು ಬಂದ ಗಂಟು ಅದು. 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎಂದು ನಾವು ಹಗುರವಾಗಿ ಆಡುತ್ತೇವೆ. ಆದರೆ ಒಂದು ಕಾಲಕ್ಕೆ ಕವಡೆಯೇ ಕಾಸಾಗಿತ್ತು. ಆ ಕಾಸಿನ ಬಹುದೊಡ್ಡ ಟಂಕಸಾಲೆ ಮಾಲ್ಡೀವ್ಸ್ ದ್ವೀಪಗಳ ಕಡಲು.

ಸುಮಾರು 1,200 ದ್ವೀಪಗಳಿದ್ದರೂ ನೆಲವೆಲ್ಲ ಸೇರಿ 300 ಚದರ ಕಿಲೋಮೀಟರ್ ಮಾತ್ರ. ತೆಂಗು, ಮೀನು ಧಾರಾಳ. ಭತ್ತ ಬೆಳೆಯುವ ನೆಲವಿಲ್ಲ. ಆದುದರಿಂದ ದ್ವೀಪದವರು ಕವಡೆಯನ್ನು ಬಂಗಾಳಕ್ಕೆ ಕೊಟ್ಟು ಅಕ್ಕಿ ತರುತ್ತಿದ್ದರು. ಇದನ್ನು ಕಣ್ಣಾರೆ ಕಂಡು ಬರೆದಿಟ್ಟವನು ಪ್ರವಾಸಿ ಇಬ್ನ್ ಬತೂತ. ನಮ್ಮ ಹೊನ್ನಾವರದಲ್ಲಿ ತಂಗಿ, ಮಂಗಳೂರನ್ನೂ ನೋಡಿದ್ದ ಈತ 1343ರ ಸುಮಾರಿಗೆ ಮಾಲ್ಡೀವ್ಸ್ ಸೇರಿ, ಅಲ್ಲಿ ಕಾಜಿಯೂ ಆದ. ಕಡಲಿನಿಂದ ತೆಗೆದ ಕವಡೆಯನ್ನು ಗುಂಡಿಯಲ್ಲಿ ಹೂತು, ಒಳಗಿನ ಮಾಂಸ ಕರಗಿದ ಮೇಲೆ ಚಿಪ್ಪನ್ನು ಮಾರುತ್ತಿದ್ದರೆಂದು ಅವನು ಹೇಳುತ್ತಾನೆ. ಮುಂದೆ ಯುರೋಪಿನ ವರ್ತಕರು ಇದೇ ಕವಡೆಯನ್ನು ಪಶ್ಚಿಮ ಆಫ್ರಿಕಕ್ಕೆ ಒಯ್ದು, ಅದರಿಂದ ಮನುಷ್ಯರನ್ನೇ ಕೊಂಡರೆಂಬುದು ಈ ಕಥೆಯ ಕರಾಳ ಅಧ್ಯಾಯ.

ದೊಡ್ಡವರ ಕಣ್ಣು ಈ ದ್ವೀಪಗಳ ಮೇಲೆ ಸದಾ ಇತ್ತು. ಚೋಳರ ರಾಜರಾಜ ತಾನು ಇವನ್ನು ಗೆದ್ದೆನೆಂದು ಶಾಸನದಲ್ಲಿ ಕೊಚ್ಚಿಕೊಂಡ. ಪೋರ್ಚುಗೀಸರು 1558ರಿಂದ 1573ರವರೆಗೆ ಆಳಿ, ಜನರ ಬಂಡಾಯದಿಂದ ಕಾಲ್ತೆಗೆದರು. 1887ರಲ್ಲಿ ಬ್ರಿಟಿಷರ ರಕ್ಷಣೆಗೊಳಪಟ್ಟ ನಾಡು 1965ರ ಜುಲೈ 26ರಂದು ಸ್ವತಂತ್ರವಾಯಿತು. ಅದನ್ನು ಮೊದಲಿಗೆ ಮನ್ನಿಸಿದ ದೇಶಗಳಲ್ಲಿ ಭಾರತವೂ ಒಂದು.

ಅನಂತರದ ಸಂಬಂಧ ಕಾಗದದ ಮೇಲಷ್ಟೇ ಉಳಿಯಲಿಲ್ಲ. 1976ರಲ್ಲಿ ಉಭಯ ದೇಶಗಳು ಕಡಲ ಗಡಿಯನ್ನು ಶಾಂತವಾಗಿ ಗುರುತಿಸಿಕೊಂಡವು. 1981ರ ವ್ಯಾಪಾರ ಒಪ್ಪಂದವಂತೂ ಅಡಿಗೆಮನೆಯ ಒಪ್ಪಂದವೇ ಸರಿ. ನಮ್ಮಲ್ಲಿ ರಫ್ತಿಗೆ ತಡೆಯಿದ್ದಾಗಲೂ ಅಕ್ಕಿ, ಸಕ್ಕರೆ, ಈರುಳ್ಳಿಗಳಂಥ ಪದಾರ್ಥಗಳು ಅಲ್ಲಿಗೆ ಗೊತ್ತಾದ ಪ್ರಮಾಣದಲ್ಲಿ ಹೋಗುತ್ತವೆ. 1988ರ ನವೆಂಬರ್ 3ರಂದು ಬಾಡಿಗೆ ಬಂಟರು ಮಾಲೆಯ ಮೇಲೆರಗಿದಾಗ, ಅಧ್ಯಕ್ಷ ಗಯೂಮರ ಮೊರೆ ಕೇಳಿ ಆಗ್ರಾದಿಂದ ಹೊರಟ ನಮ್ಮ ಸೈನಿಕರು ಆ ರಾತ್ರಿಯೇ ಹುಲ್‌ಹುಲೆ ವಿಮಾನ ನಿಲ್ದಾಣದಲ್ಲಿಳಿದರು. 2014ರ ಡಿಸೆಂಬರಿನಲ್ಲಿ ಮಾಲೆಯ ನೀರಿನ ಸ್ಥಾವರಕ್ಕೆ ಬೆಂಕಿ ತಗುಲಿದಾಗ ಕುಡಿಯುವ ನೀರೂ ಇಲ್ಲಿಂದಲೇ ಹೋಯಿತು.

ಇಷ್ಟಾದರೂ 2023ರ ಚುನಾವಣೆಯಲ್ಲಿ ಭಾರತೀಯ ಸೈನಿಕರು ತೆರಳಬೇಕೆಂಬ ಕೂಗು ಅಲ್ಲಿ ಗೆದ್ದಿತು. 2024ರ ಮೇ ವೇಳೆಗೆ ಅವರು ಮರಳಿದರು. ನಮ್ಮಲ್ಲಿ ಹಲವರು ಇದನ್ನು ಕೃತಘ್ನತೆ ಎಂದರು. ಆದರೆ ಉಪಕಾರ ಪಡೆದವನಿಗೂ ಮಾನವುಂಟಲ್ಲವೆ? ಪರಊರಿನಲ್ಲಿ ನೆರೆಯವರ ನೆರವು ಪಡೆದು ಬೇರೂರಿದ ನಮಗೆ ಇದು ತಿಳಿಯದ ಮಾತಲ್ಲ. ಕೊಟ್ಟದ್ದನ್ನು ದಿನವೂ ಎಣಿಸಿ ಹೇಳುವ ನೆರೆಯವನ ಮನೆಗೆ ನಾವೂ ಹೋಗಲಾರೆವು.

ಒಳ್ಳೆಯ ಸಂಗತಿಯೆಂದರೆ ದಿಲ್ಲಿ ಬಾಗಿಲು ಮುಚ್ಚಲಿಲ್ಲ. ಮಾಲೆಯೂ ಮುನಿಸನ್ನು ಬೆಳೆಸಲಿಲ್ಲ. 2024ರ ಅಕ್ಟೋಬರಿನಲ್ಲಿ ಅಧ್ಯಕ್ಷ ಮುಯಿಜ್ಜು ದಿಲ್ಲಿಗೆ ಬಂದರು. 2025ರ ಜುಲೈಯಲ್ಲಿ ಅಲ್ಲಿನ ಸ್ವಾತಂತ್ರ್ಯದ ಅರವತ್ತನೆಯ ಉತ್ಸವಕ್ಕೆ ಭಾರತದ ಪ್ರಧಾನಿ ಅತಿಥಿಯಾಗಿ ಹೋದರು.

ಕವಡೆ ಕೊಟ್ಟು ಅಕ್ಕಿ ಕೊಂಡ ದಿನಗಳಲ್ಲಿ ಯಾರೂ ಯಾರಿಗೂ ಋಣಿಗಳಾಗಿರಲಿಲ್ಲ. ಆ ಸಮಾನತೆಯ ನೆನಪು ಎರಡೂ ದಡಗಳಲ್ಲಿ ಉಳಿಯಲಿ.