ದುಡಿಮೆಯ ಪ್ರತಿಫಲ: ಕಣದ ಆಯದಿಂದ ತಿಂಗಳ ಪಗಾರದವರೆಗೆ



ಹಳಿಯಾಳ, ಮುಂಡಗೋಡ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿಯೆಂದರೆ ಆಯದ ಕಾಲವೂ ಆಗಿತ್ತು. ಭತ್ತ ಬಡಿದು ರಾಶಿ ಮಾಡಿದ ಮೇಲೆ ಬಡಿಗ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ತಳವಾರ ಮೊದಲಾದ ಆಯಗಾರರು ಕಣಕ್ಕೆ ಬಂದು ತಮ್ಮ ಪಾಲನ್ನು ಅಳೆಸಿಕೊಂಡು ಹೋಗುತ್ತಿದ್ದರು. ವರ್ಷವಿಡೀ ನೇಗಿಲು ಕೆತ್ತಿದ, ಕುಳ ತಟ್ಟಿದ ದುಡಿಮೆಗೆ ಅದೇ ಪ್ರತಿಫಲ. ವಿಜಯನಗರ ಕಾಲದ ಗ್ರಾಮವ್ಯವಸ್ಥೆಯನ್ನು ವಿವರಿಸುವ ಇತಿಹಾಸಕಾರರೂ ಹನ್ನೆರಡು ಆಯಗಾರರನ್ನು ಹೇಳುತ್ತಾರೆ.

ನಮ್ಮ ಶಬ್ದಗಳೇ ಇದಕ್ಕೆ ಸಾಕ್ಷಿ. 'ಸಂಬಳ'ವು ಮೂಲತಃ ದಾರಿಯ ಬುತ್ತಿ. 'ಉಂಬಳಿ'ಯಲ್ಲಿ ಉಣ್ಣುವ ಮಾತೇ ಅಡಗಿದೆ. 'ಪಡಿ' ಎಂದರೆ ಅಳೆದು ಕೊಟ್ಟ ಅಕ್ಕಿ. 'ಪಗಾರ' ಮಾತ್ರ ಕಡಲಾಚೆಯಿಂದ ಪೋರ್ಚುಗೀಸರೊಡನೆ ಬಂದದ್ದು.

ಪ್ರಾಚೀನ ಈಜಿಪ್ತಿನಲ್ಲಿಯೂ ನಾಣ್ಯವಿರಲಿಲ್ಲ. ಅರಸರ ಗೋರಿಗಳನ್ನು ಕೊರೆಯುತ್ತಿದ್ದ ದೇರ್ ಎಲ್ ಮದೀನಾದ ಕೆಲಸಗಾರನಿಗೆ ತಿಂಗಳಿಗೆ 4 ಖಾರ್ ಗೋಧಿ, ಒಂದೂವರೆ ಖಾರ್ ಜವೆ ಸಲ್ಲುತ್ತಿದ್ದವು. ಮೇಸ್ತ್ರಿಗೆ ಐದೂವರೆ ಮತ್ತು 2. ಒಂದು ಖಾರ್ ಸುಮಾರು 76 ಲೀಟರ್. ಆ ಗೋಧಿ ನಮ್ಮ ಉತ್ತರ ಕರ್ನಾಟಕದ ಜವೆಗೋಧಿಯ ಜಾತಿಯದೇ. ಮೂರನೆಯ ರಾಮ್ಸೆಸ್‌ನ 29ನೆಯ ವರ್ಷದಲ್ಲಿ, ಅಂದರೆ ಕ್ರಿ.ಪೂ. 12ನೆಯ ಶತಮಾನದ ನಡುವೆ, ಈ ಧಾನ್ಯ ಬರಲಿಲ್ಲ. ತಿಂಗಳಲ್ಲಿ 18 ದಿನ ಕಳೆದುವೆಂದು, ಹಸಿದಿರುವೆವೆಂದು ಹೇಳಿ ಅವರು ಕೆಲಸ ಬಿಟ್ಟು ದೇವಾಲಯದ ಹಿಂದೆ ಹೋಗಿ ಕುಳಿತರು. ಲಿಪಿಕಾರನು ಅದನ್ನು ಬರೆದಿಟ್ಟ ಪಪೈರಸ್ ಇಂದು ಇಟಲಿಯ ಟ್ಯೂರಿನ್‌ನಲ್ಲಿದೆ. ಇತಿಹಾಸವು ಬಲ್ಲ ಮೊದಲ ಮುಷ್ಕರವಿದೆಂದು ವಿದ್ವಾಂಸರ ಮತ.

ಆಯಪದ್ಧತಿಯನ್ನು ರಾಮರಾಜ್ಯವೆಂದು ಹೊಗಳುವವರುಂಟು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಬೆಳೆ ಕೆಟ್ಟರೂ ಅಷ್ಟಿಷ್ಟು ಕಾಳು ಮನೆ ಸೇರುತ್ತಿದ್ದುದು ನಿಜ; ಆದರೆ ಕೊಳಗ ಹಿಡಿದ ಕೈ ಭೂಮಿಯುಳ್ಳವನದೇ. ವೃತ್ತಿ ಜನ್ಮದಿಂದ ಬಂದದ್ದು, ಬಿಡುವಂತಿರಲಿಲ್ಲ. ಅಸ್ಪೃಶ್ಯನೆನಿಸಿದವನು ಕಣದ ಅಂಚಿನಲ್ಲಿ ನಿಂತು ಕಾಯಬೇಕಿತ್ತು. ಬಸವಣ್ಣನ ಅಂಗಳದಲ್ಲಿ ಅಕ್ಕಿ ಆಯ್ದು ತಂದ ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚು ತಂದಾಗ ಲಕ್ಕಮ್ಮನು ಹಿಂದಕ್ಕೆ ಕಳಿಸಿದಳೆಂದು ಪ್ರತೀತಿ. ಅಲ್ಲಿ ಅಳತೆ ನಿಶ್ಚಯಿಸಿದವಳು ದುಡಿಯುವ ಮನೆಯ ಹೆಂಗಸೇ ಎಂಬುದನ್ನು ಗಮನಿಸಬೇಕು.

ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯೊಡನೆ ಈ ಕಾಡಿನ ಸೀಮೆಗೆ ತಿಂಗಳ ಪಗಾರದ ಪದ್ಧತಿ ಬೇರೂರಿತು. ಆ ಹೊತ್ತಿಗೆ 1936ರ ವೇತನ ಪಾವತಿ ಕಾಯ್ದೆ ಜಾರಿಯಲ್ಲಿತ್ತು: ಸಾವಿರಕ್ಕಿಂತ ಕಡಿಮೆ ಕೆಲಸಗಾರರಿದ್ದಲ್ಲಿ ವೇತನದ ಅವಧಿ ಮುಗಿದ 7 ದಿನಗಳೊಳಗೆ, ಉಳಿದೆಡೆ 10 ದಿನಗಳೊಳಗೆ ಪಗಾರ ಸಲ್ಲಬೇಕೆಂದು ಅದು ವಿಧಿಸಿತ್ತು.